ಬಂಡೆಯ ವಯಸ್ಸು

ಮೂವತ್ತು ವರ್ಷಗಳ ಹಿಂದೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ವಿದ್ಯಾರ್ಥಿಯೊಬ್ಬನು, “ಇದಕ್ಕೆ ವಯಸ್ಸೆಷ್ಟು, ಗುರುಗಳೆ?” ಎನ್ನಲು, ಅಮರಕೋಶದಲ್ಲಿನ ಭೂಮಿಯ ಹೆಸರುಗಳನ್ನೆಲ್ಲ ಬಲ್ಲ ನಾವು, “ಕಲ್ಲಿಗೇತರ ವಯಸ್ಸು!” ಎಂದು ಗದರಿಸಿದೆವು. ಈಗ ನಾಚುತ್ತೇವೆ. ಆ ಶಿಲೆಗೆ ಸುಮಾರು 300 ಕೋಟಿ ವರ್ಷ.

ಭೂಮಾತೆಯಾದರೋ ಅದಕ್ಕಿಂತಲೂ ಹಿರಿಯಳು. ಸೂರ್ಯನ ಸುತ್ತಣ ಧೂಳಿಯೂ ಶಿಲಾಖಂಡಗಳೂ ಒಡಗೂಡಿ ಅವಳು ರೂಪುಗೊಂಡಳು. ಆದಿಯಲ್ಲಿ ಕರಗಿ ಕುದಿದುದರಿಂದ ಅವಳ ಜನ್ಮಕಾಲದ ಕಲ್ಲೊಂದೂ ನೆಲದಲ್ಲಿ ದೊರೆತಿಲ್ಲ. ಆದಕಾರಣ 1956ರಲ್ಲಿ ಅಮೆರಿಕದ ಪ್ಯಾಟರ್ಸನ್ ಪಂಡಿತರು, ಅವಳ ಒಡಹುಟ್ಟುಗಳಾದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ, 455 ಕೋಟಿ ವರ್ಷವೆಂದು ಗಣಿಸಿದರು. ಯುರೇನಿಯಂ ನಿಯತವೇಗದಿಂದ ಸೀಸವಾಗುವುದೇ ಅವರ ಗಡಿಯಾರ.

ವಾಚಕರೆ, ಮಕ್ಕಳು ಕೇಳಿದುದು ತಿಳಿಯದಿದ್ದರೆ, “ತಿಳಿಯದು, ಹುಡುಕೋಣ” ಎನ್ನಿರಿ. ಆ ಬಾಲಕನು ಮತ್ತೆಂದೂ ನಮ್ಮನ್ನು ಏನನ್ನೂ ಕೇಳಲಿಲ್ಲ.