ಎದ್ದ ಹಾಸಿಗೆ ಎತ್ತದವರಿಗೆ

ಡಿಗ್ರಿ ಮುಗಿಸಿ ಪಿಡಿಒ ಪರೀಕ್ಷೆಗೋ ಪೊಲೀಸ್ ಪರೀಕ್ಷೆಗೋ ಓದುತ್ತಿರುವ ಹುಡುಗರು ಪರಶುರಾಂಪುರದ ಕಡೆ ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಾಗ ಯಾವುದೆಂದು ಕೇಳಿದರೆ, ನಮ್ಮದೇ ತಾಲ್ಲೂಕಿನ ನಾಯಕನಹಟ್ಟಿ ಎಂದು ಗೈಡಿನ ಉತ್ತರವನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. ಸ್ವಚ್ಛ ಭಾರತ ಅಭಿಯಾನ ಶುರುವಾದ ದಿನ? 2014ರ ಅಕ್ಟೋಬರ್ 2. ಆ ಸಾಲಿನ ಕೆಳಗೆ ಪೆನ್ನಲ್ಲಿ ಎರಡು ಗೆರೆ ಬೇರೆ. ಆ ಗೈಡು ಮಾತ್ರ ಮೊನ್ನೆ ಬಿಚ್ಚೆಸೆದ ಪ್ಯಾಂಟಿನ ಅಡಿಯಲ್ಲಿ, ಚಿಪ್ಸ್ ಪೊಟ್ಟಣದ ಪಕ್ಕದಲ್ಲಿ, ಒಂದೇ ಒಂದು ಸಾಕ್ಸಿನ ಜೊತೆ ಬಿದ್ದಿರುತ್ತದೆ.

ತಮ್ಮಾ, ನಿನಗೇ ಹೇಳುತ್ತಿರುವುದು. ಇಪ್ಪತ್ತೆರಡಾಯಿತು. ಎದ್ದ ಹಾಸಿಗೆ ಎತ್ತುವುದಿಲ್ಲ ನೀನು.

ನಿನ್ನಜ್ಜನಿಗೆ ಕೋಣೆ ಎಂಬುದೇ ಇರಲಿಲ್ಲ. ಎರಡಂಕಣದ ಮಾಳಿಗೆ ಮನೆ; ಅರ್ಧ ದನಕ್ಕೆ, ಅರ್ಧ ಜನಕ್ಕೆ. ಕಂಬಳಿ ಹಾಸಿ ಸಾಲಾಗಿ ಮಲಗಿದವರು ಕೋಳಿ ಕೂಗುವ ಹೊತ್ತಿಗೆ ಎದ್ದು, ಕೊಡವಿ, ಸುತ್ತಿ ಮೂಲೆಗಿಡಲೇಬೇಕಿತ್ತು. ಅದೇ ಜಾಗದಲ್ಲಿ ಉಣ್ಣಬೇಕು, ಅದೇ ಜಾಗದಲ್ಲಿ ಕೂತು ಬಿತ್ತನೆ ಶೇಂಗಾ ಸುಲಿಯಬೇಕು. ಅವರೆಲ್ಲ ಶಿಸ್ತಿನ ಸಿಪಾಯಿಗಳಾಗಿದ್ದರು ಎಂದು ನಾನೇನೂ ಹೊಗಳುವುದಿಲ್ಲ. ಜಾಗವಿರಲಿಲ್ಲ, ಎತ್ತುತ್ತಿದ್ದರು, ಅಷ್ಟೆ. ಬಾಗಿಲು ಹಾಕಿಕೊಂಡು ಒಬ್ಬನೇ ಮಲಗುವ ಕೋಣೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ನಿನ್ನ ತಲೆಮಾರಿಗೇ ಮೊದಲು ಸಿಕ್ಕಿದ್ದು. ಸಂಘದ ಸಾಲ, ವಸತಿ ಯೋಜನೆಯ ಕಂತು, ಶೇಂಗಾ ಕೈಹಿಡಿದ ಅಪರೂಪದ ವರ್ಷದ ದುಡ್ಡು ಎಲ್ಲ ಸೇರಿ ಆ ಗೋಡೆ ಎದ್ದಿದೆ. ಮೂಲೆಯಲ್ಲಿ ಗೊಬ್ಬರದ ಚೀಲ ಇಟ್ಟವನು ನಿಮ್ಮಪ್ಪ, ಅದು ನಿನ್ನ ತಪ್ಪಲ್ಲ, ಒಪ್ಪಿದೆ. ಚೀಲದ ಮೇಲೆ ನೇತಾಡುವ ಹಸಿ ಟವೆಲ್ ಯಾರದು?

ನಮ್ಮ ಕಡೆ ತಿಪ್ಪೆಗೂ ಒಂದು ಲೆಕ್ಕವಿದೆ. ಇಂಥವರ ತಿಪ್ಪೆ ಇಂಥಲ್ಲಿ ಎಂದು ಊರಿಗೇ ಗೊತ್ತು. ಸಗಣಿ, ಬೂದಿ, ದನ ತಿಂದುಳಿದ ಸೊಪ್ಪೆ ಬೀಳುತ್ತದೆ, ಕೊಳೆಯುತ್ತದೆ, ಮುಂಗಾರಿಗೆ ಮುಂಚೆ ಗಾಡಿ ಹತ್ತಿ ಹೊಲ ಸೇರುತ್ತದೆ. ವರ್ಷಕ್ಕೊಮ್ಮೆ ತಿಪ್ಪೆಯೂ ಖಾಲಿಯಾಗುತ್ತದಪ್ಪಾ. ನಿನ್ನ ಮಂಚದ ಕೆಳಗಿರುವುದನ್ನು ಯಾವ ಹೊಲಕ್ಕೆ ಹೊಡೆಯೋಣ?

‘ನನ್ನ ರೂಮು, ನನ್ನಿಷ್ಟ’ ಎನ್ನುತ್ತೀಯ. ಆಗಲಿ. ನಿನ್ನದಾದರೆ ಅಲ್ಲಿಗೆ ದಿನಾ ಪೊರಕೆ ಹಿಡಿದು ಬರುವವರು ಯಾರು? ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ ನೀರು ಹಾಕಿ, ದನದ ಕೆಲಸ ಮುಗಿಸಿ, ಮುದ್ದೆ ತೊಳಸಿಟ್ಟು ಕೂಲಿಗೋ ಹೊಲಕ್ಕೋ ಹೋಗುವ ಮುಂಚೆ ನಿಮ್ಮವ್ವ ನಿನ್ನ ಲೋಟ ತಟ್ಟೆ ಹುಡುಕಿಕೊಂಡು ಒಳಗೆ ಬರುತ್ತಾಳೆ. ನೀನು ಮೊಬೈಲಿನಿಂದ ಕಣ್ಣೆತ್ತದೆ ಕಾಲು ಮಾತ್ರ ಎತ್ತುತ್ತೀಯ, ಅವಳು ಕೆಳಗೆ ಗುಡಿಸಲಿ ಅಂತ. ದೇಶದ ಲೆಕ್ಕವೂ ಬೇರೆಯಿಲ್ಲ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು ಕೊಡುವುದು 97 ನಿಮಿಷ. ಅಂಥ ಗಂಡಸರಾದರೂ ಎಷ್ಟು? ನೂರಕ್ಕೆ 26 ಮಂದಿ. ಇದೂ ಪರೀಕ್ಷೆಗೆ ಬರಬಹುದು, ಬರೆದುಕೋ.

ಹೆಣ್ಣುಮಕ್ಕಳನ್ನೇನೂ ಬಿಟ್ಟಿಲ್ಲ. ಬೆಂಗಳೂರಿನ ಪಿಜಿಗಳಲ್ಲಿ ಅವರ ಮಂಚವೂ ಬಟ್ಟೆಯ ಗುಡ್ಡವೇ. ಆದರೆ ಊರಿಗೆ ಬಂದ ದಿನವೇ ಅವರ ಕೈಗೆ ಪೊರಕೆ ಬರುತ್ತದೆ, ನಿನ್ನ ಕೈಗೆ ಕಾಫಿ ಲೋಟ.

ಶುಚಿಯ ಮಾತೆತ್ತಿದರೆ ನಾವು ಕಡಿಮೆಯವರಲ್ಲ. ದೇವರ ಎತ್ತಿಗೆ ಮಡಿ, ಗುಡಿಗೆ ಮಡಿ. ಮುಟ್ಟಾದ ಹೆಣ್ಣುಮಗಳನ್ನು ಹಟ್ಟಿಯ ಹೊರಗೆ ಕೂರಿಸುವ ಪದ್ಧತಿ ಈ ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಅವಳು ಮೈಲಿಗೆಯಂತೆ. ತಿಂಗಳಿಂದ ಒಗೆಯದ ನಿನ್ನ ದಿಂಬಿನ ಕವರು ಮಡಿಯಂತೆ. ಇಂಥ ಶುಚಿತ್ವದ ವಿಷಯ ಮಾತಾಡಲು ನನಗೆ ನಾಚಿಕೆಯಾಗುತ್ತದೆ.

‘ಎಷ್ಟು ಗುಡಿಸಿದರೂ ಧೂಳು ಬರುತ್ತೆ’ ಎಂಬ ನಿನ್ನ ಇನ್ನೊಂದು ಮಾತು ನಿಜ. ಆಷಾಢದ ಗಾಳಿಗೆ ಈ ಬಯಲುಸೀಮೆಯಲ್ಲಿ ಧೂಳು ಬರದೆ ಇನ್ನೇನು ಬಂದೀತು? ಧೂಳಿಗೆ ಯಾರೂ ನಿನ್ನನ್ನು ಬೈಯುತ್ತಿಲ್ಲ. ತಿಂದು ಬಿಟ್ಟ ಮಂಡಕ್ಕಿ, ಶೇಂಗಾ ಸಿಪ್ಪೆಗೆ ಬೈಯುತ್ತಿರುವುದು. ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕಟ್ಟುಹಾವು ರಾತ್ರಿಯೇ ಓಡಾಡುವುದು. ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ನೋವೂ ತಿಳಿಯುವುದಿಲ್ಲ. ಹಾವು ಕಡಿತ ಎಷ್ಟು ಗಂಭೀರವೆಂದರೆ 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಚೇಳಿಗಂತೂ ರಾಶಿ ಬಟ್ಟೆ, ಹಳೇ ಶೂ ಎಂದರೆ ತವರುಮನೆ.

ಮಳೆಯೇ ಇಲ್ಲದ ಊರಲ್ಲಿ ಡೆಂಗಿ ಎಲ್ಲಿಂದ ಎಂದು ನಗಬೇಡ. ಆ ಸೊಳ್ಳೆಗೆ ಕೆರೆ ಬೇಡ, ಹಿಡಿದಿಟ್ಟ ನೀರು ಸಾಕು. ನಲ್ಲಿ ದಿನಾ ಬರುವುದಿಲ್ಲವೆಂದು ಡ್ರಮ್ಮು ತುಂಬಿಡುವ ನಮ್ಮಂಥ ಊರುಗಳೇ ಅದಕ್ಕೆ ಅನುಕೂಲ. ನಿನ್ನ ಕೂಲರಿನ ತೊಟ್ಟಿಯಲ್ಲಿ ಬೇಸಿಗೆಯಿಂದ ನಿಂತ ನೀರಿದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಸಾಕುವ ಮನೆಗೆ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ರೂಪಾಯಿ ದಂಡ ಇಟ್ಟಿತು. ದಂಡವನ್ನು ಅಪ್ಪನೇ ಕಟ್ಟುತ್ತಾನೆ ಎಂಬ ಧೈರ್ಯ ನಿನಗಿರಬಹುದು. ಜ್ವರ ಹಾಗಲ್ಲ.

ಅಪ್ಪ ಅವ್ವಂದಿರಿಗೂ ಒಂದು ಮಾತಿದೆ. ‘ಓದೋ ಹುಡುಗ, ಹೋಗ್ಲಿ ಬಿಡು’ ಎಂದು ಸಾಕಿದವರು ನೀವೇ. ಓದುವವನಿಗೆ ಕೈಯಿಲ್ಲವೇ? ನೌಕರಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಪಿಡಿಒ ಆಗಿ ಅವನು ನೋಡಬೇಕಾದ್ದು ಪಂಚಾಯಿತಿಯ ಚರಂಡಿ, ಕಸ, ಶೌಚಾಲಯಗಳ ಕೆಲಸವನ್ನೇ. ತನ್ನ ಹಾಸಿಗೆ ಸುತ್ತಲು ಬಾರದವನು ಪೌರಕಾರ್ಮಿಕರಿಗೆ ಏನು ಹೇಳುತ್ತಾನೆ? ಅವ್ವಾ, ನಾಳೆಯಿಂದ ಆ ಕೋಣೆಗೆ ಕಾಲಿಡಬೇಡ. ಲೋಟ ಸಾಲದೆ ಬಂದರೆ ಸಾಲದೇ ಬರಲಿ. ಒಗೆದ ಅಂಗಿ ಇಲ್ಲದೆ ಮದುವೆಗೆ ಹೋಗುವುದು ತಪ್ಪಿದರೆ ತಪ್ಪಲಿ. ಬೀರು ಕೊಡಿಸುತ್ತೇನೆ ಎಂದು ಅಪ್ಪ ಹೊರಟರೆ ತಡಿ. ಎರಡು ವಾರದಲ್ಲಿ ಮಗ ಅದರ ಬಾಗಿಲೂ ಹಾಕಲು ಬರದ ಹಾಗೆ ತುಂಬಿಸುತ್ತಾನೆ.

ತಮ್ಮಾ, ‘ಭಾನುವಾರ ಎಲ್ಲ ಕ್ಲೀನ್ ಮಾಡ್ತೀನಿ’ ಎನ್ನಬೇಡ. ನಿನ್ನ ಭಾನುವಾರಗಳನ್ನು ನಾವು ಕಂಡಿದ್ದೇವೆ. ಈಗ ಏಳು. ಕೂಲರಿನ ನೀರು ಹೊರಗೆ ಚೆಲ್ಲು, ತೊಟ್ಟಿ ಉಜ್ಜು. ಶೂ ತಲೆಕೆಳಗು ಮಾಡಿ ಕೊಡವು, ಕೈ ಒಳಗೆ ಹಾಕಬೇಡ. ಬಟ್ಟೆಯನ್ನು ಮೂಸಿ ನೋಡುವ ಪರೀಕ್ಷೆ ಬೇಡ, ನೆಲದ ಮೇಲಿರುವುದೆಲ್ಲ ಒಗೆಯುವುದಕ್ಕೇ. ಮಂಚದ ಕೆಳಗಿನ ತಟ್ಟೆಯಲ್ಲಿ ಅನ್ನ ಒಣಗಿ ಅಂಟಿದೆ, ಮೊದಲು ನೆನೆಹಾಕು. ಆಮೇಲೆ ನೀನೇ ತೊಳಿ.