ಹಲ್ಲುನೋವೇನು ಮಹಾ!

ನಮ್ಮ ಮನೆಗಳಲ್ಲಿ ಹೆಂಗಸರ ಬೇನೆಗಳಿಗೂ ಮೇಲು ಕೀಳು ಉಂಟು. ಹೆರಿಗೆ ನೋವಿಗೆ ಮೊದಲ ಮರ್ಯಾದೆ, ಓಣಿಯೆಲ್ಲ ಓಡಿಬರುತ್ತದೆ. ಎದೆನೋವು ಎಂದರೆ ಗಾಡಿ ತರುತ್ತಾರೆ. ಜ್ವರಕ್ಕೆ ಒಂದು ಗುಳಿಗೆ. ಮೊಣಕಾಲು ನೋವಿಗೆ ‘ವಯಸ್ಸಾತಲ್ಲ ಇನ್ನ’ ಎಂಬ ಸಮಾಧಾನ. ಈ ಸಾಲಿನ ಕಟ್ಟಕಡೆಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುವುದು ಹಲ್ಲುನೋವು. ಅದಕ್ಕೆ ಲವಂಗವೇ ವೈದ್ಯ, ಇಂಗೇ ಔಷಧ. ‘ಹಲ್ಲುನೋವೇನು ಮಹಾ’ ಎನ್ನುವ ಮಾತು ಗೋಕಾಕದಲ್ಲಿ, ಮೂಡಲಗಿಯಲ್ಲಿ, ನನ್ನ ತವರಾದ ಹುಕ್ಕೇರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಗಂಡಸರಷ್ಟೇ ಅಲ್ಲ. ಅತ್ತೆಯೂ ಹೇಳುತ್ತಾಳೆ, ತಾಯಿಯೂ ಹೇಳುತ್ತಾಳೆ. ಕಡೆಗೆ ನೋವು ತಿನ್ನುತ್ತಿರುವವಳೂ ಅದನ್ನೇ ಹೇಳಿ ರೊಟ್ಟಿ ಬಡಿಯಲು ಕೂಡುತ್ತಾಳೆ.

ಈ ಮಾತು ಸುಳ್ಳು. ಸುಳ್ಳಷ್ಟೇ ಅಲ್ಲ, ಬಹಳ ತುಟ್ಟಿಯ ಸುಳ್ಳು ಎಂಬುದು ನನ್ನ ವಾದ.

ಎಲ್ಲ ಹಲ್ಲುಗಳ ಮಾತು ಬೇಡ, ಕಟ್ಟಕಡೆಗೆ ಹುಟ್ಟುವ ಬುದ್ಧಿಹಲ್ಲನ್ನೇ ತೆಗೆದುಕೊಳ್ಳಿ. ಮರಾಠಿಯವರು ಇದಕ್ಕೆ ಅಕ್ಕಲದಾಢ ಎನ್ನುತ್ತಾರೆ. ಇದು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಹುಟ್ಟುತ್ತದೆ. ನಮ್ಮ ಕಡೆ ಹೆಣ್ಣುಮಗಳಿಗೆ ಆ ವಯಸ್ಸು ಎಂಥದು ನೋಡಿ. ಮದುವೆ, ಹೊಸ ಮನೆ, ಬಸಿರು, ಬಾಣಂತನ ಎಲ್ಲ ಅಲ್ಲೇ. ಬುದ್ಧಿ ಬರುವ ಕಾಲಕ್ಕೆ ಬರುವ ಹಲ್ಲು ಎಂದು ಹೆಸರಿಟ್ಟವರಿಗೆ, ಆ ಕಾಲಕ್ಕೆ ಅವಳ ಮಾತು ಮನೆಯಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ದವಡೆಯಲ್ಲಿ ಜಾಗ ಸಾಲದಿದ್ದರೆ ಹಲ್ಲು ಅಡ್ಡಡ್ಡ ಬೆಳೆದು ಮುಂದಿನ ಹಲ್ಲಿಗೆ ಗುದ್ದುತ್ತದೆ. ಅರ್ಧ ಮೇಲೆದ್ದು ಅರ್ಧ ಒಸಡಿನೊಳಗೇ ಉಳಿದರೆ ಆ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿ ಕೀವಾಗುತ್ತದೆ. ಬಾಯಿ ತೆರೆಯಲು ಬರುವುದಿಲ್ಲ, ನುಂಗಲು ಬರುವುದಿಲ್ಲ. ‘ಬಸುರಿ ಹಲ್ಲು ಮುಟ್ಟಿಸಬಾರದು’ ಎಂಬ ಕಟ್ಟಳೆ ಬೇರೆ. ಬಸಿರಿನ ನಡುವಿನ ಮೂರು ತಿಂಗಳು ಹಲ್ಲಿನ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ವೈದ್ಯರು ಹೇಳುತ್ತಾರೆ. ಆ ಮಾತು ಅಡಿಗೆಮನೆಯವರೆಗೆ ಬಂದು ಮುಟ್ಟುವುದೇ ಇಲ್ಲ.

ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ, ಮೂಡಲಗಿ ಕಡೆಯವಳು, ಕಬ್ಬಿನ ಕೆಲಸಕ್ಕೆ ಹೋಗುವವಳು. ಹಲ್ಲು ಕಾಡಿದಾಗ ಲವಂಗ ಇಟ್ಟಳು. ಆಮೇಲೆ ನೆರೆಯವರು ಮಿಶ್ರಿ ತಿಕ್ಕಲು ಹೇಳಿದರು. ಹುರಿದ ತಂಬಾಕಿನ ಈ ಪುಡಿ ನಮ್ಮ ಗಡಿ ಭಾಗದ ಎಷ್ಟೋ ಮನೆಗಳಲ್ಲಿ ಹೆಂಗಸರ ಹಲ್ಲುಪುಡಿ. ತಿಕ್ಕಿದಾಗ ಜೋಮು ಹಿಡಿದು ನೋವು ಮರೆತಂತಾಗುತ್ತದೆ. ಹತ್ತು ದಿನಕ್ಕೆ ಚಟವಾಗುತ್ತದೆ. ಕ್ಯಾನ್ಸರಿನ ದಾರಿಯೂ ಅದೇ. ಅವಳಿಗೆ ಒಂದು ದಿನ ಗದ್ದದ ಕೆಳಗೆ ಬಾತುಕೊಂಡು, ಎರಡು ಬೆರಳಿನಷ್ಟೂ ಬಾಯಿ ತೆರೆಯದಾಯಿತು. ನಾನು ಗಂಡನನ್ನು ಕರೆಸಿ ಕೇಳಿದೆ. ‘ಹಲ್ಲ ನೋವಿಗೆ ಯಾರರ ಸತ್ತಾರೇನ್ರಿ ಅಕ್ಕೋರ?’ ಎಂದ. ಸತ್ತಿದ್ದಾರಪ್ಪ. ದವಡೆಯ ಕೀವು ನಾಲಗೆಯ ಬುಡಕ್ಕೆ, ಕೊರಳಿಗೆ ಇಳಿದರೆ ಉಸಿರೇ ಕಟ್ಟಿಹೋಗುತ್ತದೆ. ಅವಳನ್ನು ಬೆಳಗಾವಿಗೆ ಒಯ್ದು, ಸಲೈನು ಹಚ್ಚಿ, ಕೀವು ತೆಗೆಸಿ, ಆಮೇಲೆ ಹಲ್ಲು ಕೀಳಿಸಿದರು. ಮನೆಯ ಎರಡು ಆಡು ಹೋದವು. ಮೊದಲ ವಾರವೇ ತೋರಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆಡು ಮಾರಿಸಿದ್ದು ಹಲ್ಲಲ್ಲ, ತಡ.

ಇನ್ನು ಮನೆಯವರು ಒಪ್ಪಿದರೆ ಎಲ್ಲ ಸರಿಹೋಯಿತೆ? ಇಲ್ಲ. ಅಲ್ಲಿಂದ ಮುಂದೆ ದರದ ಕಥೆ. ಮೂರು ವರ್ಷದ ಹಿಂದೆ ನನ್ನ ಕೆಳದವಡೆಯ ಬುದ್ಧಿಹಲ್ಲು ಕಾಡತೊಡಗಿತು. ಫೋನಿನಲ್ಲಿ ಕೇಳಿದಾಗ ಒಂದು ಖಾಸಗಿ ದವಾಖಾನೆಯವರು ‘ಮೂರು ಸಾವಿರದಾಗ ಆಕ್ಕೈತ್ರಿ’ ಎಂದರು. ಹೋಗಿ ಕುಳಿತ ಮೇಲೆ ತಪಾಸಣೆಗೆ 300, ಇಡೀ ದವಡೆಯ ಎಕ್ಸರೇಗೆ 500, ಹಲ್ಲು ಅಡ್ಡ ಇದೆ ಎಂದು ಆಪರೇಷನ್ನಿಗೆ 6000, ಔಷಧಕ್ಕೆ 750, ವಾರದ ಮೇಲೆ ಹೊಲಿಗೆ ಬಿಚ್ಚಲು 300. ಒಟ್ಟು 7850. ಹಲ್ಲು ಅಡ್ಡವಿದ್ದರೆ ಕೆಲಸ ಹೆಚ್ಚು, ದರ ಹೆಚ್ಚು ಎಂಬುದು ನನಗೂ ತಿಳಿಯುತ್ತದೆ. ಎಕ್ಸರೇ ನೋಡಿದ ಮೇಲೆ, ಸೂಜಿ ಚುಚ್ಚುವ ಮೊದಲು, ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತಲ್ಲ? ಕೇಳಿದರೆ, ‘ಮೊದಲ ಕೂಡ್ರಿ ಮೇಡಂ, ಆಮ್ಯಾಲ ನೋಡೋಣು’ ಎಂದರು. ಸೀರೆ ಅಂಗಡಿಯಲ್ಲಿ ಹೀಗೆ ಅಂದರೆ ನಾವು ಎದ್ದು ಬರುತ್ತೇವೆ. ದವಡೆ ಬಾತವಳು ಎದ್ದು ಎಲ್ಲಿಗೆ ಹೋದಾಳು?

ಇದಕ್ಕೆ ಕಾಯಿದೆ ಇಲ್ಲವೆಂದಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳು ತಮ್ಮ ದರಗಳನ್ನು ಜನರಿಗೆ ಕಾಣುವಂತೆ ತಿಳಿಸಬೇಕೆಂದು 2007ರ ರಾಜ್ಯದ ಕಾಯಿದೆಯೇ ಹೇಳುತ್ತದೆ. ಅದನ್ನು ಬಿಗಿ ಮಾಡಲು 2017ರಲ್ಲಿ ತಿದ್ದುಪಡಿ ಬಂದಾಗ, ನಮ್ಮ ಬೆಳಗಾವಿಯ ಅಧಿವೇಶನದ ಕಾಲಕ್ಕೇ ವೈದ್ಯರು ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅವರ ಕಷ್ಟ ಅವರಿಗೆ, ಅದನ್ನು ಹೇಳಿಕೊಳ್ಳಲಿ. ಆದರೆ ಗೋಡೆಗೆ ದೇವರ ಫೋಟೋ, ಪದವಿಯ ಸರ್ಟಿಫಿಕೇಟು ತೂಗುಹಾಕಲು ಜಾಗವಿದ್ದ ಮೇಲೆ ಕನ್ನಡದಲ್ಲಿ ಬರೆದ ಒಂದು ದರಪಟ್ಟಿಗೆ ಮೊಳೆ ಸಿಗುವುದಿಲ್ಲವೆ?

ಕೀಳಿಸುವುದೆಂದರೆ ಏನೆಂದು ಗೊತ್ತಿಲ್ಲದಿರುವುದೂ ನಮ್ಮನ್ನು ಹೆದರಿಸುತ್ತದೆ, ಹೆದರಿಕೆ ತಡ ಮಾಡಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತೇನೆ. ಇಂಜೆಕ್ಷನ್ ಕೊಟ್ಟು ಅರ್ಧ ದವಡೆಯನ್ನು ಮರಗಟ್ಟಿಸುತ್ತಾರೆ. ಆಮೇಲೆ ಎಳೆದದ್ದು, ಒತ್ತಿದ್ದು ತಿಳಿಯುತ್ತದೆ, ನೋವು ತಿಳಿಯಬಾರದು. ತಿಳಿದರೆ ಕೈ ಎತ್ತಿ ಹೇಳಬೇಕು. ಅಡ್ಡ ಹಲ್ಲಾದರೆ ಒಸಡು ಕೊಯ್ದು, ಸುತ್ತಲ ಎಲುಬು ಸ್ವಲ್ಪ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕುತ್ತಾರೆ. ಅರ್ಧ ಮುಕ್ಕಾಲು ತಾಸು ಹತ್ತಿ ಕಚ್ಚಿ ಹಿಡಿಯಬೇಕು. ಆ ದಿನ ಉಗುಳಬಾರದು, ಮುಕ್ಕಳಿಸಬಾರದು, ಬಿಸಿ ತಿನ್ನಬಾರದು. ಹೊರಗಿನಿಂದ ಗಲ್ಲಕ್ಕೆ ಬರ್ಫ ಇಡಬೇಕು. ಮರುದಿನದಿಂದ ಉಪ್ಪು ಹಾಕಿದ ಬೆಚ್ಚಗಿನ ನೀರು. ತಂಬಾಕು, ಮಿಶ್ರಿ ಹತ್ತಿರ ಸುಳಿಯಕೂಡದು. ಬಾವು ಎರಡು ಮೂರು ದಿನ ಇದ್ದು ಇಳಿಯುತ್ತದೆ. ಮೂರನೆಯ ನಾಲ್ಕನೆಯ ದಿನ ನೋವು ಕಡಿಮೆಯಾಗುವ ಬದಲು ಕಿವಿಗೆ ಏರಿದರೆ, ಗುಳಿಯಲ್ಲಿಯ ರಕ್ತದ ಹೆಪ್ಪು ಕಳಚಿರಬಹುದು. ಕೂಡಲೇ ಹೋಗಿ ತೋರಿಸಬೇಕು. ಕೆಲವರಿಗೆ ಕೆಳತುಟಿ ಕೆಲವು ದಿನ ಜೋಮು ಹಿಡಿಯುತ್ತದೆ, ಅಪರೂಪಕ್ಕೆ ಹಾಗೇ ಉಳಿಯಲೂಬಹುದು. ಇದನ್ನು ಮೊದಲೇ ಹೇಳುವುದು ವೈದ್ಯರ ಕರ್ತವ್ಯ, ಕೇಳುವುದು ನಮ್ಮ ಹಕ್ಕು.

ಇನ್ನೊಂದು ಮಾತನ್ನೂ ಕೇಳಲೇಬೇಕು: ‘ಇದನ್ನ ಕೀಳಲೇಬೇಕೇನ್ರಿ?’ ಎಲ್ಲ ಬುದ್ಧಿಹಲ್ಲನ್ನೂ ಕೀಳಬೇಕಾಗಿಲ್ಲ. ರೋಗವಿಲ್ಲದ ಬುದ್ಧಿಹಲ್ಲನ್ನು ‘ಮುಂದೆ ಕಾಡೀತು’ ಎಂದು ಕೀಳುವುದನ್ನು ನಿಲ್ಲಿಸಬೇಕೆಂದು ಇಂಗ್ಲೆಂಡಿನಲ್ಲಿ 2000ದಲ್ಲೇ ಸೂಚನೆ ಹೊರಟಿತು. ಕಾಡುವ ಹಲ್ಲಿಗೆ ತಡ ಬೇಡ, ಕಾಡದ ಹಲ್ಲಿಗೆ ಅವಸರ ಬೇಡ.

ಸರ್ಕಾರವಾದರೂ ಈ ತಡವನ್ನು ತಪ್ಪಿಸುತ್ತದೆಯೆ? 2014ರಲ್ಲಿ ನಮ್ಮ ರಾಜ್ಯ ‘ದಂತ ಭಾಗ್ಯ’ ತಂದಿತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆ, ಬೇಡವೆನ್ನುವುದಿಲ್ಲ. ಆದರೆ ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಮುದ್ರೆ ಬೇಕೆ? ಹಲ್ಲು ಬಿದ್ದ ಮೇಲೆ ಸಿಗುವ ಭಾಗ್ಯ, ಹಲ್ಲು ಕಾಡುವಾಗ ಎಲ್ಲಿತ್ತು? ಆರೋಗ್ಯ ವಿಮೆ ಮಾಡಿಸಿದವರಿಗೂ ಇದೇ ಪಾಡು. ಅಪಘಾತದಲ್ಲಿ ಹಲ್ಲು ಹೋದರೆ ಸರಿ, ತಾನೇ ಕಾಡಿದರೆ ಹೆಚ್ಚಿನ ಪಾಲಿಸಿಗಳು ಕೈಯಾಡಿಸಿಬಿಡುತ್ತವೆ. ಬಾಯಿ ದೇಹದ ಹೊರಗಿದೆಯೋ ಏನೋ!

ಬೆಳಗಾವಿಯಲ್ಲಿ 1985ರಿಂದ ದಂತ ಕಾಲೇಜಿದೆ. ಹುಕ್ಕೇರಿ ತಾಲೂಕಿನ ವಿಶ್ವನಾಥ ಕತ್ತಿಯವರ ಹೆಸರನ್ನೇ ಹೊತ್ತಿದೆ. ದಂತ ಕಾಲೇಜುಗಳಲ್ಲಿ ಕಲಿಯುವವರು ಗುರುಗಳ ಕಣ್ಣೆದುರಿಗೆ ಚಿಕಿತ್ಸೆ ಮಾಡುವುದರಿಂದ ಖರ್ಚು ಸಾಮಾನ್ಯವಾಗಿ ಕಡಿಮೆ. 2023ರ ಜೂನ್ 11ರಿಂದ ಬಸ್ಸೂ ನಮಗೆ ಪುಕ್ಕಟೆ. ಆದರೆ ಮೂಡಲಗಿಯವಳಿಗೆ ತೋರಿಸಲು ಒಂದು ದಿನ, ಕೀಳಿಸಲು ಒಂದು ದಿನ, ಹೊಲಿಗೆ ಬಿಚ್ಚಿಸಲು ಒಂದು ದಿನ, ಹೀಗೆ ಮೂರು ದಿನದ ಕೂಲಿ ಹೋಗುತ್ತದೆ. ಟಿಕೀಟು ಪುಕ್ಕಟೆಯಾದರೇನು, ದಿನ ಪುಕ್ಕಟೆ ಸಿಗುತ್ತದೆಯೆ? ದವಡೆಯ ಎಕ್ಸರೇ ಯಂತ್ರ, ಅಡ್ಡ ಹಲ್ಲು ತೆಗೆಯಬಲ್ಲ ವೈದ್ಯರು ವಾರಕ್ಕೆ ಒಂದು ದಿನವಾದರೂ ಪ್ರತಿ ತಾಲೂಕಿನ ಸರ್ಕಾರಿ ದವಾಖಾನೆಗೆ ಬರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಕೇಳುವವರು ಯಾರು ಎಂದಿರಾ? ನಾವೇ. 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ಕರೆಂಟು ತಂದುಕೊಂಡ ತಾಲೂಕು ನಮ್ಮ ಹುಕ್ಕೇರಿ. ಇಂದು ಊರೂರಿಗೆ ಸ್ತ್ರೀಶಕ್ತಿ ಸಂಘಗಳಿವೆ. ಎಮ್ಮೆಗೆ ಸಾಲ, ಹೊಲಿಗೆ ಯಂತ್ರಕ್ಕೆ ಸಾಲ, ಮಗಳ ಮದುವೆಗೆ ಸಾಲ ಎಂದು ಅವುಗಳ ಪುಸ್ತಕದಲ್ಲಿ ಓದಿದ್ದೇನೆ. ‘ಹಲ್ಲಿಗೆ’ ಎಂಬ ಸಾಲು ಒಂದರಲ್ಲೂ ಕಾಣಲಿಲ್ಲ. ಗೋಕಾಕದಲ್ಲಿ ಬಾಣಂತಿಗೆಂದು ಕರದಂಟು ತರುತ್ತೇವೆ. ಅಂಟು, ಕೊಬ್ಬರಿ, ಉತ್ತತ್ತಿ ಹಾಕಿದ್ದು, ಮೈಗೆ ಬಲ ಬರಲೆಂದು. ಅದನ್ನು ಅಗಿಯಲು ಅವಳಿಗೆ ದವಡೆ ಬೇಡವೆ?

ಆದ್ದರಿಂದ ಗೆಳತಿಯರೆ, ಮುಂದಿನ ಸಂಘದ ಸಭೆಯಲ್ಲಿ ಎರಡು ಠರಾವು ಬರೆಯಿಸಿ. ಹಲ್ಲಿನ ಚಿಕಿತ್ಸೆಗೆ ಸಾಲ ಕೊಡತಕ್ಕದ್ದು. ದರ ಬರೆದು ಕೊಡದ ದವಾಖಾನೆಗೆ ಸಂಘದವರು ಯಾರೂ ಹೋಗತಕ್ಕದ್ದಲ್ಲ. ಇಷ್ಟನ್ನು ಹತ್ತು ಸಂಘಗಳು ಬರೆದರೆ ದರಪಟ್ಟಿ ತಾನೇ ಗೋಡೆಗೆ ಏರುತ್ತದೆ. ಆ ಠರಾವಿನ ಪ್ರತಿಯೊಂದನ್ನು ತಾಲೂಕಿನ ಆರೋಗ್ಯಾಧಿಕಾರಿಗಳಿಗೂ ಕಳಿಸಿ. ಸಹಿ ಮಾಡಲು ಬಾರದವರು ಹೆಬ್ಬೆಟ್ಟು ಒತ್ತಲಿ. ನೋವು ಎಂದರೆ ಏನೆಂದು ಅವರಿಗೂ ಅಷ್ಟೇ ಚೆನ್ನಾಗಿ ಗೊತ್ತಿದೆ.