ಅರ್ಧವೇ ಓದಿದ ಕಲಂ

ಕಳೆದ ವರ್ಷ ಪರಿಚಯದ ಅಕ್ಕ ಒಬ್ಬರ ಜೊತೆ ಮೈಸೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ನಾಲ್ಕಾರು ಸಲ ಹೋಗಿದ್ದೆ. ಪಿಎಚ್.ಡಿ. ಮಾಡುವವಳಿಗೆ ಬಿಡುವು ಜಾಸ್ತಿ ಎಂದು ಎಲ್ಲರೂ ನಂಬಿರುತ್ತಾರೆ, ಇರಲಿ. ವಿಚ್ಛೇದನದ ಅರ್ಜಿ ಹಾಕುವ ಮುಂಚೆ ಗಂಡ ತನ್ನ ಹೆಸರಿನ ಮನೆಯನ್ನು ತಮ್ಮನಿಗೆ ದಾನಪತ್ರ ಮಾಡಿಕೊಟ್ಟಿದ್ದ. ಅದರ ಬಾಡಿಗೆ ಮಾತ್ರ ಇವನ ಕೈಗೇ ಬರುತ್ತಿತ್ತು. ಅಫಿಡವಿಟ್ಟಿನಲ್ಲಿ ಆ ಆದಾಯದ ಸುದ್ದಿಯೇ ಇಲ್ಲ. "ಇದನ್ನೆಲ್ಲ ಹೇಳಿಕೊಟ್ಟಿದ್ದು ಅವರ ಲಾಯರೇ ಅಲ್ವಾ? ಅವರನ್ನೇ ಕೇಳಿ ಸಾರ್" ಎಂದರು ಅಕ್ಕ. ನಮ್ಮ ವಕೀಲರು ನಕ್ಕರು. "ಹಾಗೆಲ್ಲ ಕೇಳೋ ಹಾಗಿಲ್ಲಮ್ಮ. ಅದು ಕಕ್ಷಿದಾರರ ಗುಟ್ಟು."

ನನ್ನ ತಕರಾರು ಆ ನಗುವಿನ ಮೇಲೆ.

ಗುಟ್ಟು ಬೇಡ ಎನ್ನುವವಳು ನಾನಲ್ಲ. ತನಿಖಾಧಿಕಾರಿಗಳು ಮನಸ್ಸಿಗೆ ಬಂದಂತೆ ವಕೀಲರಿಗೆ ಸಮನ್ಸ್ ಕಳಿಸಬಾರದೆಂದು ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 31ರಂದು ಹೇಳಿತು, ಸರಿಯಾಗಿಯೇ ಹೇಳಿತು. ಹೆದರದೆ ನಿಜ ಹೇಳಿಕೊಳ್ಳಲು ಒಂದು ಜಾಗವಾದರೂ ಇರಬೇಕು. ಆದರೆ 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132, ಗುಟ್ಟಿಗೆ ಬೇಲಿ ಹಾಕಿದ ಮೇಲೆ ಅಲ್ಲೇ ಒಂದು ಗೇಟನ್ನೂ ಇಟ್ಟಿದೆ. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಈ ರಕ್ಷಣೆ ಇಲ್ಲ. ಕೇಸು ಹಿಡಿದ ಮೇಲೆ ವಕೀಲರ ಕಣ್ಣಿಗೆ ಬಿದ್ದ ವಂಚನೆಗೂ ಇಲ್ಲ. ಕೋರ್ಟಿನ ಜಗಲಿಯಲ್ಲಿ ಈ ಕಲಮ್ಮಿನ ಅರ್ಧ ಮಾತ್ರ ಎಲ್ಲರಿಗೂ ಬಾಯಿಪಾಠ.

ತನ್ನ ಮನೆ, ತಮ್ಮನಿಗೆ ಕೊಟ್ಟ, ಅದು ಅಪರಾಧವೇ ಎಂದು ಕೇಳುತ್ತಾರೆ. ಕೊಟ್ಟದ್ದು ಅಪರಾಧವಲ್ಲದಿರಬಹುದು. ಆದರೆ ರಜನೀಶ್ ವಿರುದ್ಧ ನೇಹಾ ಪ್ರಕರಣದ 2020ರ ನವೆಂಬರ್ 4ರ ತೀರ್ಪಿನ ನಂತರ, ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಲೇಬೇಕು. ಕೈಗೆ ಬರುವ ಬಾಡಿಗೆಯನ್ನು ಬೇಕೆಂದೇ ಬಿಟ್ಟರೆ ಅದು ಪ್ರಮಾಣ ಮಾಡಿ ಹೇಳಿದ ಸುಳ್ಳು. ಅದನ್ನು ಗೊತ್ತಿದ್ದೂ ಟೈಪು ಮಾಡಿಸಿದವರು ಗುಟ್ಟು ಕಾಯುತ್ತಿಲ್ಲ, ಸುಳ್ಳಿನಲ್ಲಿ ಪಾಲುದಾರರಾಗಿದ್ದಾರೆ.

2025ರ ಜುಲೈ 14ರಂದು ಅದೇ ಸುಪ್ರೀಂ ಕೋರ್ಟು, ಗಂಡ ಕದ್ದು ರೆಕಾರ್ಡ್ ಮಾಡಿದ ಹೆಂಡತಿಯ ಫೋನ್ ಮಾತುಗಳನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಒಪ್ಪಬಹುದೆಂದಿತು. ಅಂದರೆ ಗಂಡ ಹೆಂಡಿರ ಮಲಗುವ ಕೋಣೆಯ ಮಾತು ಕಟಕಟೆಗೆ ಬರಬಹುದು. ಆಸ್ತಿ ಎಲ್ಲಿ ಬಚ್ಚಿಡಬೇಕೆಂದು ವಕೀಲರ ಚೇಂಬರಿನಲ್ಲಿ ಆಡಿದ ಮಾತಿನ ಬಗ್ಗೆ ಪ್ರಶ್ನೆ ಎತ್ತಿದರೇ ನಗು!

ಪ್ರತಿ ಜಗಳಕ್ಕೂ ವಕೀಲರನ್ನು ಕಟಕಟೆಗೆ ಎಳೆಯಿರಿ ಎನ್ನುತ್ತಿಲ್ಲ. ಹಾಗಾದರೆ ಮೊದಲು ಏಟು ಬೀಳುವುದು ಅಕ್ಕನಂಥವರಿಗೇ. ದಾನಪತ್ರದ ದಿನಾಂಕ, ಬಾಡಿಗೆ ಜಮೆಯಾದ ಖಾತೆ ಇಂಥವು ಕಣ್ಣಮುಂದಿದ್ದಾಗ ಆ ವಿನಾಯಿತಿ ಅನ್ವಯಿಸುತ್ತದೆಯೇ ಎಂದು ನ್ಯಾಯಾಧೀಶರನ್ನು ಕೇಳಿ, ಅಷ್ಟೇ. ನಮ್ಮವರು ಅದನ್ನೂ ಕೇಳಲಿಲ್ಲ.

ದಾನಪತ್ರ ನಮಗೆ ಸಿಕ್ಕಿದ್ದು ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ. ನೋಂದಣಿಯಾದ ಪತ್ರ ಯಾರ ಗುಟ್ಟೂ ಅಲ್ಲ, ಶುಲ್ಕ ಕಟ್ಟಿದರೆ ಸಿಗುತ್ತದೆ. ಇನ್ನು ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಂ ಪ್ರಕಾರ, ಆಸ್ತಿಯ ಉತ್ಪತ್ತಿಯಿಂದ ಜೀವನಾಂಶ ಪಡೆಯುವ ಹಕ್ಕಿದ್ದರೆ ಅದನ್ನು ಪುಕ್ಕಟೆಯಾಗಿ ಪಡೆದವನ ಮೇಲೂ ಚಲಾಯಿಸಬಹುದು. ಈ ಎರಡನ್ನೂ ಜೆರಾಕ್ಸ್ ಮಾಡಿಸಿ ವಕೀಲರ ಮೇಜಿನ ಮೇಲಿಟ್ಟೆವು. ಅವರು ಈ ಸಲ ನಗಲಿಲ್ಲ, ಕನ್ನಡಕ ಹುಡುಕಿದರು.